ಇಬ್ಬರು ಉಸ್ತಾದರು, ಒಂದೇ ಅಂಕಣ

ಬ್ಯಾಡಗಿ ಉಸ್ತಾದರು ದೊಡ್ಡವರೋ, ರಾಣೆಬೆನ್ನೂರು ಉಸ್ತಾದರು ದೊಡ್ಡವರೋ ಎಂಬ ಪ್ರಶ್ನೆಗೆ ಖರೇ ಉತ್ತರ ಗೊತ್ತಿರುವ ಮನುಷ್ಯ ಈ ಭೂಮಿಯ ಮೇಲೆ ಈಗ ಒಬ್ಬನೇ ಉಳಿದಿದ್ದಾನೆ. ಅವನು ನಾನು. ಯಾಕೆಂದರೆ ಆ ಇಬ್ಬರೂ ತಮ್ಮ ಕಡೆಗಾಲದಲ್ಲಿ, ಬೇರೆ ಬೇರೆ ದಿನ, ಬೇರೆ ಬೇರೆ ಊರಲ್ಲಿ, ನನ್ನನ್ನು ಹತ್ತಿರ ಕರೆದು ಎಡಗಿವಿಗೆ ಬಾಯಿ ಹಚ್ಚಿ ಒಂದೊಂದು ಮಾತು ಹೇಳಿ ಹೋದರು. ಆಗ ಬೇರೆ ಯಾರೂ ಇರಲಿಲ್ಲ. ಸುಳ್ಳು ಅನ್ನುವವರು ಹೋಗಿ ಅವರನ್ನೇ ಕೇಳಬೇಕು. ಅವರು ಈಗ ಇರುವ ಊರಿಗೆ ಹಾವೇರಿ ಬಸ್‌ಸ್ಟ್ಯಾಂಡಿನಿಂದ ಇನ್ನೂ ಗಾಡಿ ಬಿಟ್ಟಿಲ್ಲ.

ನನ್ನ ಬಾಳೇ ಹೀಗೆ. ಬೇರೆಯವರು ಸಂತೆಗೆ ಹೋದರೆ ಬದನೆಕಾಯಿ ತರುತ್ತಾರೆ, ನಾನು ಹೋದರೆ ಒಂದು ಸುದ್ದಿ ತರುತ್ತೇನೆ. ಏನಾದರೂ ಆಗಬೇಕೆಂದು ಇದ್ದರೆ ಅದು ನಾನು ಬರುವ ತನಕ ಕಾದು ನಿಂತಿರುತ್ತದೆ.

ನನ್ನ ಕಸುಬು ಕಬಡ್ಡಿ ಅಂಕಣ ಹಾಕುವುದು. ನೆಲ ಅಗೆದು, ಕಲ್ಲು ಆರಿಸಿ, ಮಣ್ಣಿಗೆ ಜರಡಿ ಹಿಡಿದು, ನೀರು ಚಿಮುಕಿಸಿ, ತುಳಿದು ಹದ ಮಾಡಿ, ಸುಣ್ಣದ ಗೆರೆ ಎಳೆಯುವುದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರಿಗೆ ನಾನೊಬ್ಬನೇ. ಸಾಲಿ ಕಟ್ಟೆ ಹತ್ತಿದ್ದು ಒಮ್ಮೆ ಮಾತ್ರ, ಅದೂ ಸಾಲಿ ಬಯಲಿನಲ್ಲಿ ಅಂಕಣ ಹಾಕಿ ದಣಿದು ಕೂರಲಿಕ್ಕೆ. ಹಾಗಾಗಿ ಇದನ್ನೂ ನಾನು ಹೇಳುತ್ತೇನೆ, ಸೊಸೆ ಬರೆಯುತ್ತಾಳೆ. ಆದರೆ ಗೆರೆಯ ವಿಷಯಕ್ಕೆ ಬರಬೇಡಿ. ಗಂಟು ಹಾಕಿದ ಹಗ್ಗ ಒಂದಿದ್ದರೆ ಸಾಕು ನನಗೆ. ಒಮ್ಮೆ ಒಬ್ಬ ಮಾಸ್ತರರು ಟೇಪು ತಂದು ನನ್ನ ಗೆರೆ ಅಳೆದು, ಎರಡು ಬೆರಳು ವ್ಯತ್ಯಾಸ ಕಂಡು, ಟೇಪನ್ನೇ ಅಂಗಡಿಗೆ ವಾಪಸ್ ಕೊಟ್ಟು ಬಂದರು.

ಹಾವೇರಿ ಮಂದಿಗೆ ಸ್ವಂತ ಉಸ್ತಾದ ಇರಲಿಲ್ಲ. ಆದ್ದರಿಂದ ಆಚೀಚೆ ಊರಿನ ಇಬ್ಬರಲ್ಲಿ ಯಾರು ದೊಡ್ಡವರು ಎಂದು ಚಹಾ ಕುಡಿಯುತ್ತ ವಾದ ಮಾಡುವ ಕೆಲಸ ಹಿಡಿದಿದ್ದರು. ಹೋದ ವರ್ಷ ಹೊಸ ಕಪ್ ಇಡುವಾಗ ಆ ವಾದ ಎಷ್ಟು ಬೆಳೆಯಿತೆಂದರೆ, ಆಟವೇ ನಿಂತುಹೋಗುವ ಹೊತ್ತು ಬಂತು. ಅದನ್ನು ನಿಲ್ಲದ ಹಾಗೆ ಮಾಡಿದವನು ಯಾರು ಎಂದು ಕಡೆಗೆ ಹೇಳುತ್ತೇನೆ. ಮೊದಲು ಆ ಇಬ್ಬರು ಎಂಥವರೆಂದು ನಿಮಗೆ ಗೊತ್ತಾಗಬೇಕು.

೧. ಮೆಣಸಿನಕಾಯಿ ಉಸಿರು

ಬ್ಯಾಡಗಿ ಉಸ್ತಾದರು ಮೆಣಸಿನಕಾಯಿ ಪೇಟೆಯಲ್ಲಿ ಚೀಲ ತೂಗುವವರು. ಕುಳ್ಳ ಆಳು, ದಪ್ಪ ಮೀಸೆ, ಕೊರಳಲ್ಲಿ ಸದಾ ಒಂದು ಹಿತ್ತಾಳೆ ಸೀಟಿ. ಮಾತಾಡಿದರೆ ಜಗಳ ಆಡಿದ ಹಾಗೆ, ಜಗಳ ಆಡಿದರೆ ಸಿಡಿಲು ಹೊಡೆದ ಹಾಗೆ.

ಕಬಡ್ಡಿಯಲ್ಲಿ ಉಸಿರೇ ಬಂಡವಾಳ. ‘ಕಬಡ್ಡಿ ಕಬಡ್ಡಿ’ ಅನ್ನುತ್ತ ಹೋದವನ ಉಸಿರು ಎದುರಾಳಿಯ ಅಂಗಳದಲ್ಲಿ ಕಡಿದರೆ ಅವನು ಔಟ್. ಆ ಉಸಿರು ಬೆಳೆಸಲು ಉಸ್ತಾದರು ಸುಗ್ಗಿಯಲ್ಲಿ ತಮ್ಮ ಹುಡುಗರನ್ನು ಪೇಟೆಗೆ ಕರೆದೊಯ್ದು ಮೆಣಸಿನಕಾಯಿ ರಾಶಿಗಳ ನಡುವೆ ಓಡಿಸುತ್ತಿದ್ದರು. ಆ ದಿನಗಳಲ್ಲಿ ಪೇಟೆಯ ದಾರಿಯಲ್ಲಿ ಹೋಗುವ ಎಮ್ಮೆ ಕೂಡ ಸೀನುತ್ತದೆ. ಉಸ್ತಾದರ ಪರೀಕ್ಷೆ ಸರಳ: ಸೀನಿದವ ಮನೆಗೆ, ಸೀನದವ ಟೀಮಿಗೆ.

ಆ ಟೀಮು ಮೊದಲ ಸಲ ಹಾವೇರಿಗೆ ಬಂದಾಗ ಎದುರಿಗೆ ರಾಣೆಬೆನ್ನೂರು. ಬ್ಯಾಡಗಿಯ ಹುಲಿಯಂಥ ಹುಡುಗ ನಡುಗೆರೆಯ ತನಕ ಬಂದ, ‘ಕಬ...’ ಅಂದ, ನಿಂತುಬಿಟ್ಟ. ವಾಪಸ್ ಓಡಿ ಬಂದ.

“ಏನಾತಲೇ ನಿನಗ?” ಉಸ್ತಾದರು ಗದರಿದರು.

“ಉಸ್ತಾದ್ರ, ಇಲ್ಲೆ ಗಾಳ್ಯಾಗ ಏನೂ ಇಲ್ರೀ. ಎದಿಗೆ ಹತ್ತವಲ್ದು.”

ಉಸ್ತಾದರು ಜೇಬಿನಿಂದ ನಾಲ್ಕು ಒಣ ಮೆಣಸಿನಕಾಯಿ ತೆಗೆದು ಮುರಿದು ಅವನ ಮೂಗಿಗೆ ಹಿಡಿದರು. ಹುಡುಗ ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ಎಳೆದ. ಊರು ಬಿಟ್ಟವನಿಗೆ ತವರಿನ ವಾಸನೆ ಬಡಿದ ಹಾಗೆ ಮುಖ ಅರಳಿತು. ಮರುಕ್ಷಣ ಹೋಗಿ ನಾಲ್ಕು ಜನರನ್ನು ಮುಟ್ಟಿ ಬಂದ.

ರಾಣೆಬೆನ್ನೂರು ಉಸ್ತಾದರು ಎದ್ದು ನಿಂತು ತಣ್ಣಗೆ ಹೇಳಿದರು: “ಏನ್ರೀ ಉಸ್ತಾದ್ರ, ನಿಮ್ಮೂರ ಮೆಣಸಿನಕಾಯಿಗೆ ಬಣ್ಣ ಐತಿ, ಖಾರ ಇಲ್ಲ ಅಂತಾರ. ನಿಮ್ಮ ಹುಡುಗರೂ ಹಂಗ ಅದಾರೇನು ನೋಡೂಣು ತಡೀರಿ.”

ಮುಂದಿನ ಪಂದ್ಯಕ್ಕೆ ರಾಣೆಬೆನ್ನೂರಿನವರು ಮುಂಜಾಗ್ರತೆ ಮಾಡಿ ಬಂದರು. ಏಳೂ ಜನ ಮೂಗಿಗೆ ಹತ್ತಿ ತುರುಕಿಕೊಂಡಿದ್ದರು. ಆದರೆ ಮೂಗು ಮುಚ್ಚಿದವನಿಗೆ ಉಸಿರಾಡಲು ಉಳಿಯುವುದು ಬಾಯಿ ಒಂದೇ, ಆ ಬಾಯಿಗೆ ಕಬಡ್ಡಿ ಅನ್ನುವ ಕೆಲಸ ಮೊದಲೇ ಇತ್ತು. ಒಬ್ಬೊಬ್ಬನೂ ನಡುಗೆರೆ ದಾಟಿ ಐದು ಹೆಜ್ಜೆಗೆ ಮೀನಿನ ಹಾಗೆ ಬಾಯಿ ತೆರೆದು ಕುಸಿದ.

ಬ್ಯಾಡಗಿ ಉಸ್ತಾದರು ಮೀಸೆ ತಿರುವಿ ಅಂದರು: “ಖಾರ ಇಲ್ಲದ ಮೆಣಸಿನಕಾಯಿಗೆ ಹಿಂಗ ಅಂಜಿದ್ರಿ. ಗುಂಟೂರಿಂದ ತರಿಸಿದ್ರ ಮನಿ ಮಾರಿ ಹೋಗ್ತಿದ್ರೇನು?”

೨. ಅರ್ಧ ಗಟ್ಟಿ, ಅರ್ಧ ಮೆತ್ತಗೆ

ರಾಣೆಬೆನ್ನೂರು ಉಸ್ತಾದರು ಹತ್ತಿ ಗೋದಾಮಿನ ಉಸ್ತುವಾರಿಯವರು. ಎತ್ತರದ ತೆಳ್ಳನೆಯ ಆಳು, ಬಿಳಿ ಟೊಪಗಿ, ಮಾತು ಹತ್ತಿಗಿಂತ ಮೆತ್ತಗೆ. ಅವರು ತಮ್ಮ ಹುಡುಗರಿಗೆ ಹಾರಿ ಹಿಡಿಯುವುದನ್ನು ಕಲಿಸಿದ್ದು ಗೋದಾಮಿನ ಹತ್ತಿ ರಾಶಿಯ ಮೇಲೆ. ಹೇಗೆ ಬಿದ್ದರೂ ನೋವಿಲ್ಲ, ಹಾಗಾಗಿ ಬೀಳುವ ಹೆದರಿಕೆಯೇ ಗೊತ್ತಿಲ್ಲದ ಹುಡುಗರು ತಯಾರಾದರು. ಅವರಲ್ಲಿ ಒಬ್ಬ ಮೊದಲ ಸಲ ನನ್ನ ಅಂಕಣದಲ್ಲಿ ಗಿಡುಗನ ಹಾಗೆ ಹಾರಿ, ಎದೆ ಕೆಳಗಾಗಿ ನೆಲಕ್ಕೆ ಬಿದ್ದು, ಬಹಳ ಹೊತ್ತು ಮಲಗಿ, ಆಮೇಲೆ ತಲೆ ಎತ್ತಿ ಕೇಳಿದ: “ಉಸ್ತಾದ್ರ, ಹತ್ತಿ ಯಾರು ತಗದ್ರು?”

ಅಂದಿನಿಂದ ಪ್ರತಿ ದೊಡ್ಡ ಪಂದ್ಯದ ಹಿಂದಿನ ದಿನ ರಾಣೆಬೆನ್ನೂರು ಉಸ್ತಾದರು ನನ್ನನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈ ಹಾಕಿ ಹೇಳುತ್ತಿದ್ದರು: “ತಮ್ಮಾ, ಮಣ್ಣ ಸ್ವಲ್ಪ ಸಡಿಲ ಇರಲಿ. ನಮ್ಮ ಹುಡುಗರ ಎಲುವಿಗೆ ಪೆಟ್ಟ ಹತ್ತಬಾರದು.”

ಅವರು ಆ ಕಡೆ ಹೋದ ಕೂಡಲೇ ಬ್ಯಾಡಗಿ ಉಸ್ತಾದರು ಈ ಕಡೆಯಿಂದ ಬಂದು ನನ್ನ ಕೊರಳಪಟ್ಟಿ ಹಿಡಿಯುತ್ತಿದ್ದರು: “ಲೇ, ನೆಲ ಕಲ್ಲಾಗಬೇಕು ನೋಡು. ನಮ್ಮ ಹುಡುಗರ ಕಾಲು ಹುಗಿದ್ರ ನಿನ್ನನ್ನ ಅಲ್ಲೇ ಹುಗೀತೇನಿ.”

ನಾನು ಇಬ್ಬರಿಗೂ ಮಾತು ಕೊಟ್ಟೆ. ಮಾತು ಕೊಟ್ಟ ಮೇಲೆ ತಪ್ಪುವವನಲ್ಲ ನಾನು. ಇಡೀ ದಿನ ಕೂತು ಯೋಚಿಸಿದೆ. ಸಾಲಿ ಕಲಿತವರಿಗೆ ಇಂಥ ಬುದ್ಧಿ ಹೊಳೆಯುವುದಿಲ್ಲ. ನಡುಗೆರೆಯಿಂದ ಆಚೆ ಅರ್ಧ ಅಂಕಣ ಬ್ಯಾಡಗಿಯವರಿಗೆ, ಬಡಿದು ಬಡಿದು ಅಂಗಳದ ಹಾಗೆ ಗಟ್ಟಿ ಮಾಡಿದೆ. ಈಚೆ ಅರ್ಧ ರಾಣೆಬೆನ್ನೂರಿನವರಿಗೆ, ಗುತ್ತಲದ ಕಡೆಯಿಂದ ಹೊಳೆ ಮರಳು ತರಿಸಿ ಹಾಸಿಗೆಯ ಹಾಗೆ ಮೆತ್ತಗೆ ಮಾಡಿದೆ.

ಆಟ ಶುರುವಾಯಿತು. ಬ್ಯಾಡಗಿ ಉಸ್ತಾದರು ನೆಲಕ್ಕೆ ಕಾಲು ಕುಟ್ಟಿ ನೋಡಿ ನನ್ನತ್ತ ಕಣ್ಣು ಮಿಟುಕಿಸಿದರು. ರಾಣೆಬೆನ್ನೂರು ಉಸ್ತಾದರು ಮಣ್ಣಿಗೆ ಬೆರಳು ಚುಚ್ಚಿ ನೋಡಿ ನನ್ನತ್ತ ನಕ್ಕರು. ಇಡೀ ಜಿಲ್ಲೆಯಲ್ಲಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಆ ಸುಖ ಇಪ್ಪತ್ತು ನಿಮಿಷ ಇತ್ತು.

ಅರ್ಧ ಆಟ ಮುಗಿದ ಮೇಲೆ ಎರಡೂ ಟೀಮುಗಳು ಅಂಗಳ ಬದಲಿ ಮಾಡಿಕೊಳ್ಳುತ್ತವೆ. ಇದು ನನಗೆ ಗೊತ್ತಿರಲಿಲ್ಲವೇ? ಮೂವತ್ತು ವರ್ಷದಿಂದ ಗೊತ್ತಿತ್ತು. ಆ ಒಂದು ದಿನ ಮರೆತಿದ್ದೆ.

ಬ್ಯಾಡಗಿ ಹುಡುಗರು ಮರಳಿನಲ್ಲಿ ಮೊಣಕಾಲಿನ ತನಕ ಇಳಿದರು. ರಾಣೆಬೆನ್ನೂರು ಹುಡುಗರು ಕಲ್ಲಿನ ಮೇಲೆ ಬಿದ್ದು ಅವ್ವಾ ಎಂದರು. ನಾನು ಸುಣ್ಣದ ಡಬ್ಬಿ ಅಲ್ಲೇ ಬಿಟ್ಟು ಕಾಗಿನೆಲೆ ರಸ್ತೆ ಹಿಡಿದು ಓಡಿದೆ. ಹಿಂದೆ ತಿರುಗಿ ನೋಡಿದರೆ ಇಬ್ಬರೂ ಉಸ್ತಾದರು ಕೈಯಲ್ಲಿ ಚಪ್ಪಲಿ ಹಿಡಿದು ಒಟ್ಟಿಗೆ ಬರುತ್ತಿದ್ದರು. ಅವರಿಬ್ಬರೂ ಒಂದೇ ದಿಕ್ಕಿಗೆ ಓಡಿದ್ದನ್ನು ಜನ ಕಂಡದ್ದು ಅದೇ ಮೊದಲು. ಒಗ್ಗಟ್ಟು ತಂದವನು ನಾನು ಅಂತ ಯಾರೂ ಹೇಳುವುದಿಲ್ಲ ನೋಡಿ.

೩. ನಡುವೆ ಕೂತವನ ಗತಿ

ಹಾವೇರಿ ಹೊಸ ಜಿಲ್ಲೆಯಾಗಿ ನಾಲ್ಕೈದು ವರ್ಷ ಆಗಿತ್ತು. ಜಿಲ್ಲೆಯ ಟೀಮು ಹೊರಗಿನ ಊರಿಗೆ ಆಡಲು ಹೊರಟಿತು. ಮ್ಯಾನೇಜರ್ ಒಬ್ಬರೇ ಇರಬೇಕು. ಆದರೆ ಒಬ್ಬರನ್ನು ಮಾಡಿದರೆ ಇನ್ನೊಬ್ಬರ ಹುಡುಗರು ಬಸ್ ಹತ್ತುವುದಿಲ್ಲ. ಹಾಗಾಗಿ ಇಬ್ಬರನ್ನೂ ಮಾಡಿ, ಒಂದೇ ಬೆಂಚಿಗೆ ಕೂರಿಸಿ, ನಡುವೆ ಗೋಡೆಯ ಹಾಗೆ ನನ್ನನ್ನು ಕೂರಿಸಿದರು. ನನ್ನ ಬಲಕ್ಕೆ ರಾಣೆಬೆನ್ನೂರು, ಎಡಕ್ಕೆ ಬ್ಯಾಡಗಿ.

ಕಡೆಯ ನಿಮಿಷ. ನಾವು ಒಂದು ಪಾಯಿಂಟ್ ಹಿಂದೆ, ಎರಡು ಬಂದರೆ ಗೆದ್ದೆವು. ನಮ್ಮ ಹುಡುಗ ನಡುಗೆರೆಗೆ ಬಂದು ನಿಂತ.

“ನುಗ್ಗಲೇ ಒಳಗ!” ಎಡದಿಂದ ಕೂಗು.

“ನಿಧಾನ ತಮ್ಮಾ, ಅಂವ ತಾನ ಬರ್ತಾನ, ತಡಿ,” ಬಲದಿಂದ ಮಾತು.

ಹುಡುಗ ಇಬ್ಬರ ಮಾತನ್ನೂ ಪಾಲಿಸಿದ. ಒಂದು ಕಾಲು ಒಳಗೆ ಇಟ್ಟ, ಒಂದು ಕಾಲು ಹೊರಗೆ ಇಟ್ಟ, ಹೊತ್ತು ಮುಗಿಯುವ ತನಕ ಹಾಗೇ ನಿಂತ. ನಾವು ಸೋತೆವು.

ಬ್ಯಾಡಗಿ ಉಸ್ತಾದರಿಗೆ ಬಂದ ಸಿಟ್ಟಿಗೆ ಮಾತು ಸಾಲಲಿಲ್ಲ. ಸೀಟಿ ಬಾಯಿಗಿಟ್ಟು ರಾಣೆಬೆನ್ನೂರು ಉಸ್ತಾದರ ಕಡೆ ತಿರುಗಿ ಊದಿದರು. ಅವರಿಬ್ಬರ ನಡುವೆ ಇದ್ದದ್ದು ನನ್ನ ತಲೆ. ಸೀಟಿ ನನ್ನ ಎಡಗಿವಿಗೆ ನಾಲ್ಕು ಬೆರಳು ದೂರ. ಮೊದಲು ಆ ಕಿವಿಯೊಳಗೆ ಜೀರುಂಡೆ ಬಂದು ಕೂತಂತಾಯಿತು. ಎರಡು ದಿನ ಕೂತಿತ್ತು. ಆಮೇಲೆ ಜೀರುಂಡೆಯೂ ಎದ್ದು ಹೋಯಿತು.

ಬ್ಯಾಡಗಿ ಉಸ್ತಾದರು ಸಿಟ್ಟಿನವರು, ಕರುಳಿಲ್ಲದವರಲ್ಲ. ಸೀದಾ ತಮ್ಮ ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ, ನಾನು ಅಕ್ಕಾರು ಅನ್ನುವುದು, ಗಂಡನನ್ನು ಒಂದು ಮಾತು ಬೈದು, ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸಿ, ನನ್ನ ತಲೆಯನ್ನು ತಮ್ಮ ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡು ಹನಿ ಹನಿಯಾಗಿ ಬಿಟ್ಟರು. ಎಂಟು ದಿನ. ಸ್ವಂತ ಅಕ್ಕನೂ ಹಾಗೆ ಮಾಡುವುದಿಲ್ಲ.

ಎರಡನೇ ದಿನ ರಾಣೆಬೆನ್ನೂರು ಉಸ್ತಾದರು ನನ್ನನ್ನು ನೋಡಲು ಬಾಳೆಹಣ್ಣು ಹಿಡಿದು ಬಂದರು. ಬಂದವರನ್ನು ಊಟ ಮಾಡಿಸದೆ ಕಳಿಸುವ ಮನೆಯಲ್ಲ ಅದು. ಒಂದು ಕಡೆ ಇವರು, ಒಂದು ಕಡೆ ಅವರು, ನಡುವೆ ಜೋಳದ ರೊಟ್ಟಿ. “ನಿಮ್ಮಿಂದ ಸೋತ್ವಿ” ಅಂತ ಅವರು, “ನಿಮ್ಮಿಂದ” ಅಂತ ಇವರು. ರೊಟ್ಟಿ ಮುಗಿದವು, ವಾದ ಮುಗಿಯಲಿಲ್ಲ. ಹಾಗಾಗಿ ವಾದ ಮುಗಿಸಲು ಮರುದಿನವೂ ಬಂದರು. ಅದರ ಮರುದಿನವೂ ಬಂದರು. ಬಸ್ಸಿನವನು ಯಾಕೆ ದಿನಾ ಬ್ಯಾಡಗಿಗೆ ಎಂದು ಕೇಳಿದರೆ, “ಜಡ್ಡಾದವನ್ನ ನೋಡಾಕ” ಅನ್ನುತ್ತಿದ್ದರಂತೆ.

ಆ ಎಂಟು ದಿನದಲ್ಲಿ ಅವರು ಜಡ್ಡಾದವನ ಕಡೆ ತಿರುಗಿ ಮಾತಾಡಿದ್ದು ಒಂದೇ ಸಲ. “ತಮ್ಮಾ, ಆ ಶೇಂಗಾ ಚಟ್ನಿ ಈ ಕಡೆ ಸರಸು.”

೪. ಫೋನಿನ ಕಡೆಯವರು

ಕೆಲವು ವರ್ಷಕ್ಕೆ ಬ್ಯಾಡಗಿ ಉಸ್ತಾದರ ಮೊಣಕಾಲು ಕೈಕೊಟ್ಟವು. ಬಸ್ ಹತ್ತಲು ಆಗುತ್ತಿರಲಿಲ್ಲ. ಆಗಷ್ಟೇ ಎಲ್ಲರ ಜೇಬಿಗೂ ಮೊಬೈಲ್ ಬರತೊಡಗಿತ್ತು. ಹಾವೇರಿಯಲ್ಲಿ ಎರಡೂ ಊರಿನ ಪಂದ್ಯ ಇದ್ದ ದಿನ, ಆಟ ಹೇಗೆ ನಡೆದಿದೆ ಎಂದು ಫೋನಿನಲ್ಲಿ ಅವರಿಗೆ ಹೇಳುವ ಕೆಲಸ ನನಗೆ ಬಿತ್ತು. ಇಂಥ ಕೆಲಸಕ್ಕೆ ನನ್ನನ್ನು ಬಿಟ್ಟು ಇನ್ಯಾರು ಸಿಗಬೇಕು?

“ಏನ ನಡದೈತಲೇ?” ಅಂದರು.

“ನಮ್ಮ ಹುಡುಗ ಅವರ ಆರು ಮಂದೀನ ಬೆನ್ನ ಮ್ಯಾಲೆ ಹೊತ್ಕೊಂಡು ಗೆರಿ ದಾಟಿ ಬಂದ್ರೀ!”

“ಭಲೇ! ಪಾಯಿಂಟ್ ಎಷ್ಟ?”

“ಬಾಳ ಮುಂದ ಅದೇವ್ರೀ. ಎಣಿಸಾಕ ಆಗವಲ್ದು.”

ಖರೇ ಅಂದರೆ ಬ್ಯಾಡಗಿಯವರು ಒಂಬತ್ತು ಪಾಯಿಂಟ್ ಹಿಂದೆ ಇದ್ದರು. ಆದರೆ ಕಾಲು ನೋಯುವ ಮನುಷ್ಯನಿಗೆ ಅದನ್ನೂ ಯಾಕೆ ಹೇಳಬೇಕು? ಪಕ್ಕದಲ್ಲಿ ಕೂತಿದ್ದ ರಾಣೆಬೆನ್ನೂರು ಉಸ್ತಾದರು ಇದನ್ನೆಲ್ಲ ಕೇಳಿ, ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

“ಉಸ್ತಾದ್ರ, ಇಂವ ಹೇಳಿದ್ದು ಒಂದೂ ಖರೇ ಅಲ್ಲ. ನಿಮ್ಮವರು ಒಂಬತ್ತು ಹಿಂದ ಅದಾರ. ನಿಮ್ಮ ಎಡ ಮೂಲಿ ಹುಡುಗ ಕಾಲ ಎಳ್ಯಾಕತ್ತಾನ.”

ಆ ಕಡೆಯಿಂದ ಏನೋ ಹೇಳಿದರು. ರಾಣೆಬೆನ್ನೂರು ಉಸ್ತಾದರು ಫೋನ್ ಹಿಡಿದುಕೊಂಡೇ ಎದ್ದು, ಬ್ಯಾಡಗಿ ಹುಡುಗರ ಹತ್ತಿರ ಹೋಗಿ, “ಎಡ ಮೂಲಿಯವನ್ನ ನಡುವ ತರಬೇಕಂತ, ನಿಮ್ಮ ಉಸ್ತಾದ್ರು ಹೇಳ್ಯಾರ” ಎಂದು ಹೇಳಿ ಬಂದು ಕೂತರು. ಮತ್ತೊಂದು ಮಾತು ಬಂತು, ಮತ್ತೆ ಎದ್ದು ಹೋಗಿ ಹೇಳಿ ಬಂದರು. ಬ್ಯಾಡಗಿ ಒಂದೊಂದೇ ಪಾಯಿಂಟ್ ಏರಿತು, ಕಡೆಗೆ ಒಂದು ಪಾಯಿಂಟಿನಿಂದ ಗೆದ್ದಿತು.

ಸೋತು ಬೆವೆತು ಬಂದ ರಾಣೆಬೆನ್ನೂರು ಹುಡುಗರು ಸುತ್ತುವರಿದು ಕೇಳಿದರು: “ಉಸ್ತಾದ್ರ, ನೀವು ಯಾರ ಕಡೆ?”

“ನಾ ಈಗ ಫೋನಿನ ಕಡೆ ಅದೇನಿ. ಸುಮ್ಮನಿರ್ರಿ, ಅವರು ನಗಾಕತ್ತಾರ, ಕೇಳಸವಲ್ದು.”

೫. ಹೊರಸು ಔಟ್

ಮರುವರ್ಷ ಬ್ಯಾಡಗಿ ಉಸ್ತಾದರು ಪೂರ್ತಿ ಹಾಸಿಗೆ ಹಿಡಿದರು. ಒಂದು ಮುಂಜಾನೆ ರಾಣೆಬೆನ್ನೂರು ಉಸ್ತಾದರು ನನ್ನ ಮನೆಗೆ ಬಂದರು.

“ತಮ್ಮಾ, ಅವರ ಮನಿ ಮುಂದ ಒಂದು ಅಂಕಣ ಹಾಕು.”

“ಓಣಿ ಸಣ್ಣದೈತ್ರೀ ಉಸ್ತಾದ್ರ.”

“ಅಂಕಣ ಸಣ್ಣದ ಮಾಡು.”

“ಕಾಯ್ದೆ ಏನ ಹೇಳತೈತೋ ಏನೋ.”

“ಕಾಯ್ದೇನೂ ಸಣ್ಣದ ಮಾಡು.”

ಹಾಕಿದೆ. ಓಣಿಯ ಹೆಣ್ಣುಮಕ್ಕಳು ಒಣಹಾಕಿದ್ದ ಹಪ್ಪಳ ಎತ್ತಿಕೊಂಡರು, ಎಮ್ಮೆಗಳನ್ನು ಹಿಂದಕ್ಕೆ ಕಟ್ಟಿದರು. ಉಸ್ತಾದರನ್ನು ಅವರು ಮಲಗಿದ್ದ ಹಗ್ಗದ ಹೊರಸಿನ ಸಮೇತ ಹೊರಗೆ ತಂದೆವು. ಬೇರೆ ಜಾಗವೇ ಇಲ್ಲದ್ದರಿಂದ ಹೊರಸು ಬ್ಯಾಡಗಿ ಅಂಗಳದ ಗೆರೆಯೊಳಗೇ, ಮೂಲೆಯಲ್ಲಿ ಉಳಿಯಿತು.

ರಾಣೆಬೆನ್ನೂರಿನ ಹುಡುಗ ಒಳನುಗ್ಗಿದ. ಯಾರೂ ಸಿಗಲಿಲ್ಲ. ವಾಪಸ್ ಹೋಗುವಾಗ ಅವನ ಕೈ ಹೊರಸಿನ ಕಾಲಿಗೆ ತಗುಲಿತು.

“ನಾ ಔಟ್!” ಮಲಗಿದ್ದಲ್ಲಿಂದಲೇ ಉಸ್ತಾದರ ಕೂಗು.

“ಉಸ್ತಾದ್ರ, ನೀವು ಆಟದಾಗಿಲ್ರೀ,” ಅಂದೆ ನಾನು.

“ಗೆರಿ ಒಳಗ ಅದೇನೋ ಇಲ್ಲೋ? ಮುಟ್ಟಿ ಹೋಗ್ಯಾನೋ ಇಲ್ಲೋ? ಔಟ್ ಅಂದ್ರ ಔಟ್. ಮೋಸದ ಆಟ ನಾ ಯಾರಿಗೂ ಕಲಿಸಿಲ್ಲ. ಎತ್ತರಲೇ!”

ನಾಲ್ಕು ಜನ ಹೊರಸು ಎತ್ತಿ ಗೆರೆಯ ಹೊರಗೆ ಇಟ್ಟರು. ಸ್ವಲ್ಪ ಹೊತ್ತಿಗೆ ಬ್ಯಾಡಗಿಯವರು ಒಬ್ಬನನ್ನು ಹಿಡಿದರು. ಎದುರಿನವ ಒಬ್ಬ ಔಟಾದರೆ ನಮ್ಮವ ಒಬ್ಬ ಒಳಗೆ ಬರಬೇಕು, ಮೊದಲು ಔಟಾದವನು ಮೊದಲು. ಹೊರಸು ಮತ್ತೆ ಒಳಗೆ ಬಂತು. ಮತ್ತೆ ಒಬ್ಬ ಮುಟ್ಟಿದ, ಮತ್ತೆ ಹೊರಗೆ ಹೋಯಿತು. ಎತ್ತುವಾಗಲೆಲ್ಲ ಉಸ್ತಾದರು ಅಂಬಾರಿಯಲ್ಲಿ ಕೂತವರ ಹಾಗೆ ಎರಡೂ ಕೈ ಎತ್ತಿ ನಗುತ್ತಿದ್ದರು. ಆರು ತಿಂಗಳಲ್ಲಿ ಆ ಮುಖದಲ್ಲಿ ನಗು ಕಂಡವರಿಲ್ಲ.

ರಾಣೆಬೆನ್ನೂರು ಹುಡುಗರು ಇಷ್ಟು ದಡ್ಡರು ಹೇಗಾದರು, ಬರೇ ಹೊರಸನ್ನೇ ಯಾಕೆ ಮುಟ್ಟುತ್ತಾರೆ ಎಂದು ನನಗೆ ಸಂಶಯ ಬಂತು. ಆ ಕಡೆ ಸರಿದು ನಿಂತೆ. ಅವರ ಉಸ್ತಾದರು ಒಬ್ಬೊಬ್ಬ ಹುಡುಗನಿಗೂ ಒಳಹೋಗುವ ಮೊದಲು ಮೆಲ್ಲಗೆ ಹೇಳು‍ತ್ತಿದ್ದರು: “ಯಾರನ್ನ ಬಿಟ್ರೂ ಬಿಡು. ಹೊರಸು ಮುಟ್ಟಿ ಬಾ.”

ಐದು ಸಲ ಹೊರಸು ಹೊರಗೆ ಹೋಗಿ ಒಳಗೆ ಬಂತು. ಬಾಗಿಲಲ್ಲಿ ನಿಂತಿದ್ದ ಅಕ್ಕಾರು ಸೆರಗಿನಿಂದ ಕಣ್ಣು ಒರೆಸಿಕೊಂಡು ಅಂದರು: “ಹೊರಸ ಒಮ್ಮೆ ಬಿಸಿಲಿಗೆ ಹಾಕ್ರೋ ಅಂತ ಆರು ತಿಂಗಳಿಂದ ಬಡಕೊಂಡೆ, ಯಾರೂ ಎತ್ತಲಿಲ್ಲ. ಇವತ್ತ ಐದು ಸಲ ಹಾಕಿದ್ರಿ ನೋಡ್ರಿ.”

ಆ ಮಳೆಗಾಲಕ್ಕೆ ಬ್ಯಾಡಗಿ ಉಸ್ತಾದರು ಹೋದರು. ವಾದ ಮಾಡಲು ಎದುರಿಗೆ ಯಾರೂ ಇಲ್ಲದೆ ರಾಣೆಬೆನ್ನೂರು ಉಸ್ತಾದರು ಬಹಳ ದಿನ ಉಳಿಯಲಿಲ್ಲ. ವರ್ಷ ತುಂಬುವುದರೊಳಗೆ ಅವರೂ ಹಿಂದೆ ಹೋದರು.

೬. ಕಪ್ಪಿನ ಹೆಸರು

ಈಗ ಹೋದ ವರ್ಷದ ಮಾತು. ಹಾವೇರಿಯ ಅರಿವೆ ಅಂಗಡಿಯ ಯಜಮಾನರೊಬ್ಬರು ಕಬಡ್ಡಿಗೆ ಒಂದು ದೊಡ್ಡ ಬೆಳ್ಳಿ ಬಣ್ಣದ ಕಪ್ ಮಾಡಿಸಿದರು. ಪ್ರತಿ ವರ್ಷ ಆಟ ನಡೆಯಬೇಕು, ಕಪ್ಪಿಗೆ ದೊಡ್ಡ ಉಸ್ತಾದರ ಹೆಸರು ಇಡಬೇಕು ಎಂದು ಎರಡೂ ಊರಿನ ಕ್ಯಾಪ್ಟನ್ನರನ್ನು ಒಂದು ಹೋಟೆಲಿನ ಹಿಂದಿನ ಕೋಣೆಗೆ ಕರೆಸಿದರು. ಅಕ್ಕಾರನ್ನೂ ಮರ್ಯಾದೆಯಿಂದ ಕರೆಸಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ, ಆದರೆ ನಾನಿಲ್ಲದೆ ಅಂಕಣ ಯಾರು ಹಾಕುತ್ತಾರೆ? ಹೋದೆ.

ಮಂಡಕ್ಕಿ ಮಿರ್ಚಿ ಬರುವ ಮೊದಲೇ ಜಗಳ ಬಂತು.

“ನಮ್ಮ ಉಸ್ತಾದ್ರು ತಯಾರ ಮಾಡಿದ ಹುಡುಗರೊಳಗ ಏಳು ಮಂದಿ ಪೊಲೀಸ್ ಆಗ್ಯಾರ,” ಅಂದ ರಾಣೆಬೆನ್ನೂರು ಕ್ಯಾಪ್ಟನ್.

“ನಮ್ಮ ಉಸ್ತಾದ್ರು ತಯಾರ ಮಾಡಿದವರನ್ನ ಆ ಏಳೂ ಮಂದಿ ಪೊಲೀಸರು ಇವತ್ತಿಗೂ ಹಿಡಿದಿಲ್ಲ,” ಅಂದ ಬ್ಯಾಡಗಿ ಕ್ಯಾಪ್ಟನ್.

ಕಡೆಗೆ ಇಬ್ಬರೂ ಎದ್ದು ನಿಂತರು. ತಮ್ಮ ಉಸ್ತಾದರ ಹೆಸರಿಲ್ಲದ ಕಪ್ಪಿಗೆ ತಮ್ಮ ಟೀಮು ಅಂಕಣಕ್ಕೆ ಇಳಿಯುವುದಿಲ್ಲ ಎಂದರು. ಇಬ್ಬರ ಹೆಸರೂ ಇಡೋಣವೆಂದರೆ, ಯಾರದ್ದು ಮೊದಲು ಎಂದು ಮತ್ತೆ ಶುರು. ಯಜಮಾನರಿಗೆ ಬೇಸರ ಬಂದು, “ಹಂಗಾದ್ರ ಕಪ್ಪೂ ಬ್ಯಾಡ, ಆಟಾನೂ ಬ್ಯಾಡ” ಎಂದು ಕಪ್ಪನ್ನು ಚೀಲಕ್ಕೆ ಇಳಿಸತೊಡಗಿದರು.

ನಾನು ಅಕ್ಕಾರ ಕಡೆ ನೋಡಿದೆ. ಅವರ ಕೈಯಲ್ಲಿ ಆ ಹಿತ್ತಾಳೆ ಸೀಟಿ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ ಬಂಗಾರದ ಹಾಗೆ ಬೆಳಗಿಸಿದ್ದರು. “ಮೊದಲ ಆಟಕ್ಕ ಇದನ್ನ ಊದಸೂಣು ಅಂತ ತಂದಿದ್ದೆ ತಮ್ಮಾ,” ಎಂದರು ಮೆಲ್ಲಗೆ. “ಅಂವ ಹ್ವಾದ ಮ್ಯಾಲೆ ಇದರ ಸಪ್ಪಳ ಕೇಳಿಲ್ಲ ನಾ.” ಆ ಸೀಟಿಯನ್ನು ಮತ್ತೆ ಸೆರಗಿನ ತುದಿಗೆ ಗಂಟು ಹಾಕತೊಡಗಿದರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

“ನಿಂದರ್ರೀ ಎಲ್ಲಾರೂ. ಈ ಮಾತು ಯಾರಿಗೂ ಹೇಳಬಾರದು ಅಂತ ಇಟಗೊಂಡಿದ್ದೆ. ಬ್ಯಾಡಗಿ ಉಸ್ತಾದ್ರು ತೀರಿಕೊಳ್ಳೂಕಿಂತ ಎಂಟು ದಿನ ಮೊದಲ, ನನ್ನ ಹತ್ತಿರ ಕರದು, ಈ ಎಡಗಿವಿಗೆ ಬಾಯಿ ಹಚ್ಚಿ ಹೇಳಿದ್ರು: ‘ನಾ ಬರೇ ಕೂಗಾಡಿದೆ. ಖರೇ ದೊಡ್ಡ ಉಸ್ತಾದ ರಾಣೆಬೆನ್ನೂರಾಂವ.’ ಕೆಲವು ತಿಂಗಳ ಮ್ಯಾಲೆ ರಾಣೆಬೆನ್ನೂರು ಉಸ್ತಾದ್ರೂ ಕರದ್ರು. ಇದ ಕಿವಿಗೆ ಬಾಯಿ ಹಚ್ಚಿ ಹೇಳಿದ್ರು: ‘ನಾ ಗೆದ್ದದ್ದೆಲ್ಲ ಬ್ಯಾಡಗಿಯಾಂವನ್ನ ನೋಡಿ ಕಲತು. ದೊಡ್ಡಾಂವ ಅಂವನ.’”

ಯಜಮಾನರ ಕೈ ಚೀಲದಲ್ಲೇ ನಿಂತಿತು. ಬ್ಯಾಡಗಿ ಕ್ಯಾಪ್ಟನ್ ಕಣ್ಣು ತುಂಬಿಕೊಂಡ. ಇನ್ನು ಎಲ್ಲ ಸರಿಹೋಯಿತು ಎಂದು ನಾನು ಮಿರ್ಚಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವನು ಮೇಜು ಗುದ್ದಿದ.

“ನಮ್ಮ ಉಸ್ತಾದ್ರ ಕಡೀ ಮಾತು ನಾವು ಮೀರಂಗಿಲ್ಲ. ಕಪ್ಪಿಗೆ ರಾಣೆಬೆನ್ನೂರು ಉಸ್ತಾದ್ರ ಹೆಸರ ಇರಬೇಕು. ಇಲ್ಲಂದ್ರ ನಾವು ಆಡಂಗಿಲ್ಲ!”

“ಅದ್ಹೆಂಗ ಆಕ್ಕೈತಿ?” ರಾಣೆಬೆನ್ನೂರು ಕ್ಯಾಪ್ಟನ್ ಎಗರಿದ. “ನಮ್ಮ ಉಸ್ತಾದ್ರ ಮಾತಿಗೆ ಬೆಲಿ ಇಲ್ಲೇನು? ಬ್ಯಾಡಗಿ ಉಸ್ತಾದ್ರ ಹೆಸರ ಇಡ್ರಿ. ಇಲ್ಲಂದ್ರ ನಾವು ಹೊಂಟ್ವಿ!”

ಐದು ನಿಮಿಷದ ಹಿಂದೆ ‘ನಮ್ಮವರು, ನಮ್ಮವರು’ ಎಂದು ಅಂಗಿ ಹರಿದುಕೊಳ್ಳುತ್ತಿದ್ದವರು ಈಗ ‘ನಿಮ್ಮವರು, ನಿಮ್ಮವರು’ ಎಂದು ಒಬ್ಬರ ಅಂಗಿ ಒಬ್ಬರು ಹಿಡಿದರು. ಯಜಮಾನರು ನನ್ನ ಕಡೆ ನೋಡಿದ ನೋಟ ನಾನು ಮರೆಯುವುದಿಲ್ಲ.

ಆಗ ಅಕ್ಕಾರು ಎದ್ದರು. ಚೀಲದಿಂದ ಕಪ್ಪನ್ನು ತಾವೇ ತೆಗೆದು ಮೇಜಿನ ನಡುವೆ ಇಟ್ಟರು. “ಇದು ದುಂಡಗೈತಿಲ್ಲೋ? ಇಬ್ಬರ ಹೆಸರೂ ಒಂದರ ಬೆನ್ನಿಗೆ ಒಂದು, ಸುತ್ತಲೂ ಬರಸ್ರಿ. ಯಾವುದು ಮೊದಲ, ಯಾವುದು ಕಡೀಕ ಅಂತ ಗೊತ್ತಾಗೂತನಕ ತಿರುಗಿಸ್ಕೋತ ಕುಂದರ್ರಿ. ಆಟ ಮಾತ್ರ ನಿಲ್ಲಸಬ್ಯಾಡ್ರಿ.”

ಬ್ಯಾಡಗಿ ಕ್ಯಾಪ್ಟನ್ ಕಪ್ಪನ್ನು ಒಂದು ಸುತ್ತು ತಿರುಗಿಸಿ ನೋಡಿದ. ರಾಣೆಬೆನ್ನೂರು ಕ್ಯಾಪ್ಟನ್ ಇನ್ನೊಂದು ಸುತ್ತು ತಿರುಗಿಸಿದ. ಇಬ್ಬರೂ ಕೂತರು. ಒಂದು ತಿಂಗಳಿಗೆ ನಾನು ಹಾವೇರಿಯಲ್ಲಿ ಅಂಕಣ ಹಾಕಿದೆ, ಎರಡೂ ಅರ್ಧ ಒಂದೇ ಹದ. ಅಕ್ಕಾರೇ ಗೆರೆಯ ಪಕ್ಕ ನಿಂತು ಆ ಸೀಟಿ ಊದಿದರು. ನಾನು ಮೊದಲೇ ದೂರ ಸರಿದು ನಿಂತಿದ್ದೆ.

ಸಂಜೆ ಅವರನ್ನು ಬ್ಯಾಡಗಿ ಬಸ್ಸಿಗೆ ಹತ್ತಿಸಲು ಹೋದೆ. ಕಿಟಕಿಯ ಪಕ್ಕ ಕೂತವರು, ಎಲೆ ಅಡಿಕೆ ಬಾಯಿಗಿಟ್ಟು, ನನ್ನನ್ನು ಹತ್ತಿರ ಕರೆದರು.

“ತಮ್ಮಾ, ನನ್ನ ಗಂಡ ನಲವತ್ತ ವರ್ಷದಾಗ ಯಾರನ್ನೂ ದೊಡ್ಡಾಂವ ಅಂದಿದ್ದು ನಾ ಕೇಳಿಲ್ಲ. ಅವತ್ತ ಯಾವ ಕಿವ್ಯಾಗ ಹೇಳಿದಾ ಅಂದಿ?”

“ಎಡಗಿವ್ಯಾಗ್ರೀ ಅಕ್ಕಾರ.”

“ಆ ರಾಣೆಬೆನ್ನೂರು ಅಣ್ಣಾರು?”

“ಅವರೂ ಅದರಾಗ ಹೇಳಿದ್ರು.”

“ಆ ಕಿವಿಗೆ ಎಂಟು ದಿನ ಎಣ್ಣಿ ಬಿಟ್ಟಾಕಿ ನಾನು,” ಅಂದರು ಅಕ್ಕಾರು, ನನ್ನ ಕಣ್ಣಲ್ಲೇ ಕಣ್ಣಿಟ್ಟು. “ಅದರಾಗ ಸಿಡಿಲು ಹೊಡದ್ರೂ ನಿನಗ ಕೇಳಸಂಗಿಲ್ಲ.”

ಬಸ್ಸು ಗುರ್ ಎಂದಿತು. ನಾನು ಟೊಪಗಿ ಸರಿ ಮಾಡಿಕೊಂಡು ಹೆಗಲು ಕುಣಿಸಿದೆ.

“ಅದು ಅವರಿಗೂ ಗೊತ್ತಿತ್ತಲ್ರೀ ಅಕ್ಕಾರ. ಯಾರಿಗೂ ಕೇಳಸಬಾರದು ಅಂತ ತಿಳದ ಆ ಕಿವ್ಯಾಗ ಹೇಳಿದ್ರು.”